ಯುರೇಮಿಯಾ: ಕ್ರಿಯಾಟಿನಿನ್ ಅಂಕಿಯ ಆಚೆಗೆ ಮೈಯೊಳಗೆ ಏನೇನು ಕೆಡುತ್ತದೆ?

ಉಪಕೇಂದ್ರ_ಸಿಬ್ಬಂದಿ

ಕಿಡ್ನಿ ಸೋತವರ ಮನೆಗಳಲ್ಲಿ ಎಲ್ಲರ ಕಣ್ಣೂ ಕ್ರಿಯಾಟಿನಿನ್ ಮೇಲೆ. 'ಹೋದ ತಿಂಗಳು 6 ಇತ್ತು, ಈಗ 5.6, ಇಳೀತಾ ಇದೆ' ಎಂದು ಸಮಾಧಾನಪಡುತ್ತಾರೆ. ಆದರೆ 9 ಇದ್ದವರು ಸುಸ್ತು ಅಂತಷ್ಟೇ ಹೇಳಿ ನಡೆದು ಬರುತ್ತಾರೆ. 5 ಇದ್ದವರಿಗೆ ವಾಂತಿ, ಬಿಕ್ಕಳಿಕೆ, ಮಂಪರು. ಈ ವ್ಯತ್ಯಾಸ ಯಾಕೆ? ತುರಿಕೆ, ರಕ್ತ ಕಮ್ಮಿಯಾಗುವುದು, ಉಸಿರು ಕಟ್ಟುವುದು, ಇವೆಲ್ಲ ಒಂದೇ ವಿಷದಿಂದ ಆಗುವುದೋ, ಬೇರೆ ಬೇರೆ ಕಾರಣಗಳಿವೆಯೋ? ಮನೆಯವರಿಗೆ ತಿಳಿಯುವ ಹಾಗೆ ಹೇಳಬೇಕು. ಬಲ್ಲವರು ವಿವರವಾಗಿ ಬರೆಯಿರಿ.

ತುಂಗಾತೀರ (ಕಿಡ್ನಿ ತಜ್ಞೆ)

ಮೊದಲು ಅಂಕಿಯ ವಿಷಯ. ಕ್ರಿಯಾಟಿನಿನ್ ಎಂಬುದು ಸ್ನಾಯುವಿನ ಕಸ. ಸ್ನಾಯು ಜಾಸ್ತಿ ಇದ್ದವರಲ್ಲಿ ಕಸವೂ ಜಾಸ್ತಿ. ಹಾಗಾಗಿ ವಯಸ್ಸು, ಲಿಂಗ ಸೇರಿಸಿ, ಕಿಡ್ನಿ ನಿಮಿಷಕ್ಕೆ ಎಷ್ಟು ಸೋಸುತ್ತದೆ ಎನ್ನುವ ಜಿಎಫ್‌ಆರ್ ಲೆಕ್ಕ ಹಾಕದೆ ಅಂಕಿಗೆ ಅರ್ಥವಿಲ್ಲ. 2021ರ ಸಿಕೆಡಿ-ಎಪಿ ಸೂತ್ರಕ್ಕೆ ಹಾಕಿ ನೋಡಿ: 70 ವರ್ಷದ ಹೆಂಗಸಿಗೆ ಕ್ರಿಯಾಟಿನಿನ್ 3 ಎಂದರೆ ಜಿಎಫ್‌ಆರ್ ಸುಮಾರು 16. 30 ವರ್ಷದ ಗಂಡಸಿಗೆ 4.5 ಇದ್ದರೂ ಸುಮಾರು 17. ಅಂಕಿಯಲ್ಲಿ ಒಂದೂವರೆ ಪಟ್ಟು ಅಂತರ, ಉಳಿದಿರುವ ಕಿಡ್ನಿ ಮಾತ್ರ ಹೆಚ್ಚುಕಡಿಮೆ ಒಂದೇ. ಇನ್ನೊಂದು ಅಪಾಯವಿದೆ: ಊಟ ಸೇರದೆ ಸ್ನಾಯು ಕರಗಿದರೂ ಕ್ರಿಯಾಟಿನಿನ್ ಇಳಿಯುತ್ತದೆ. ನೀವು ಹೇಳಿದ '6ರಿಂದ 5.6' ಸುಧಾರಣೆಯೇ ಆಗಿರಬೇಕೆಂದಿಲ್ಲ. ತೂಕ ಎಷ್ಟಿತ್ತು, ಈಗ ಎಷ್ಟಿದೆ ಎಂದು ಜೊತೆಗೇ ಕೇಳಿ.

ಇನ್ನು ವಿಷ. 'ಯುರೇಮಿಯಾ' ಎಂದರೆ ಅಕ್ಷರಶಃ 'ರಕ್ತದಲ್ಲಿ ಮೂತ್ರ', ಕಿಡ್ನಿ ಸೋತು ಕಸ ರಕ್ತದಲ್ಲೇ ತುಂಬಿಕೊಳ್ಳುವ ಸ್ಥಿತಿ. ಫ್ರಾನ್ಸಿನ ವೈದ್ಯ ಪಿಯೊರಿ 1840ರ ದಶಕದಲ್ಲಿ ಕೊಟ್ಟ ಹೆಸರು. ಯೂರಿಯಾವೇ ವಿಷ ಎಂದು ಬಹುಕಾಲ ನಂಬಿದ್ದರು. ಆದರೆ ಯೂರಿಯಾವಾಗಲಿ ಕ್ರಿಯಾಟಿನಿನ್ ಆಗಲಿ ತಮ್ಮಷ್ಟಕ್ಕೆ ಅಷ್ಟೊಂದು ಕೇಡಿನವಲ್ಲ. ಅವು ಬಾಗಿಲಲ್ಲಿ ಕಾಣುವ ಕಸ, ಒಳಗೆ ತುಂಬಿರುವುದು ಬೇರೆಯೇ. ನಾವು ತಿಂದ ಪ್ರೋಟೀನಿನ ಟ್ರಿಪ್ಟೊಫಾನ್, ಟೈರೊಸಿನ್ ಅಂಶಗಳನ್ನು ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಮುರಿಯುತ್ತವೆ. ಅದರಿಂದ ಹುಟ್ಟಿದ್ದು ಯಕೃತ್ತಿಗೆ ಹೋಗಿ ಇಂಡಾಕ್ಸಿಲ್ ಸಲ್ಫೇಟ್, ಪಿ-ಕ್ರೆಸಿಲ್ ಸಲ್ಫೇಟ್ ಆಗಿ ರಕ್ತ ಸೇರುತ್ತದೆ. ಇವು ರಕ್ತದ ಪ್ರೋಟೀನ್ ಆದ ಆಲ್ಬುಮಿನ್‌ಗೆ ಅಂಟಿಕೊಂಡೇ ತಿರುಗುವುದರಿಂದ ಜರಡಿಯಲ್ಲಿ ಸೋಸಿ ಹೋಗುವುದು ಕಮ್ಮಿ. ಕಿಡ್ನಿಯ ನಾಳದ ಜೀವಕೋಶಗಳು ಕೈಹಾಕಿ ಎಳೆದು ಮೂತ್ರಕ್ಕೆ ತಳ್ಳಬೇಕು. ಡಯಾಲಿಸಿಸ್ ಯಂತ್ರಕ್ಕೆ ಆ ಕೈ ಇಲ್ಲ. ಆದ್ದರಿಂದಲೇ ಡಯಾಲಿಸಿಸ್ ಶುರುವಾದ ಮೇಲೂ ದಿನಕ್ಕೆ ಅರ್ಧ ಲೀಟರ್ ಮೂತ್ರ ಬರುತ್ತಿದ್ದರೆ ಅದನ್ನು ಕಾಪಾಡಿಕೊಳ್ಳಬೇಕು. 'ಹೇಗೂ ಕಿಡ್ನಿ ಹೋಗಿದೆ' ಎಂದು ನೋವಿನ ಮಾತ್ರೆ ನುಂಗಿ ಅದನ್ನೂ ಕಳೆದುಕೊಳ್ಳುವುದು ದೊಡ್ಡ ನಷ್ಟ. ಮಲಬದ್ಧತೆ ಇದ್ದರೆ ಕರುಳಿನ ಬ್ಯಾಕ್ಟೀರಿಯಾಕ್ಕೆ ಇನ್ನೂ ಸಮಯ ಸಿಗುತ್ತದೆ, ಪೊಟ್ಯಾಸಿಯಂ ಕೂಡ ಹೊರಹೋಗುವುದಿಲ್ಲ. ಹಾಗಾಗಿ ದಿನಾ ಹೊಟ್ಟೆ ಖಾಲಿಯಾಗುವುದೂ ಚಿಕಿತ್ಸೆಯ ಭಾಗವೇ.

ನಿಮ್ಮ ಮುಖ್ಯ ಪ್ರಶ್ನೆಗೆ ಉತ್ತರ: ಒಂದೇ ವಿಷ ಅಲ್ಲ, ಕಾರಣಗಳು ಬೇರೆ ಬೇರೆ. ಕಿಡ್ನಿ ಸೋಸುವ ಕೆಲಸದ ಜೊತೆಗೆ ಕೆಂಪುಕಣ ಹುಟ್ಟಿಸುವ ಹಾರ್ಮೋನ್ ಎರಿತ್ರೊಪೊಯೆಟಿನ್ ತಯಾರಿಸುತ್ತದೆ, ವಿಟಮಿನ್ ಡಿಯನ್ನು ಕೆಲಸಕ್ಕೆ ಬರುವ ರೂಪಕ್ಕೆ ತರುತ್ತದೆ, ಆಮ್ಲ ಹೊರಹಾಕುತ್ತದೆ, ಇನ್ಸುಲಿನ್ ಅನ್ನು ಒಡೆಯುತ್ತದೆ. ಪ್ರತಿಯೊಂದೂ ಕೆಟ್ಟಾಗ ತೊಂದರೆ ಬೇರೆ, ಪರಿಹಾರವೂ ಬೇರೆ.

ಲ್ಯಾಬ್_ಕಿಟಕಿ

ವರದಿ ಓದುವಾಗ ಆಗುವ ಗೊಂದಲ ಒಂದಿದೆ. ನಮ್ಮ ಲ್ಯಾಬ್‌ಗಳು ಹೆಚ್ಚಾಗಿ 'ಬ್ಲಡ್ ಯೂರಿಯಾ' ಕೊಡುತ್ತವೆ, ಅಮೆರಿಕದಲ್ಲಿ ಕೊಡುವುದು 'ಬಿಯುಎನ್', ಅಂದರೆ ಯೂರಿಯಾದೊಳಗಿನ ಸಾರಜನಕ ಮಾತ್ರ. ಬಿಯುಎನ್ ಅನ್ನು 2.14ರಿಂದ ಗುಣಿಸಿದರೆ ಯೂರಿಯಾ. ಅಲ್ಲಿ 60 ಎಂದರೆ ಇಲ್ಲಿ 128. ಬ್ರಿಟನ್ನಿನ ವರದಿಯಲ್ಲಿ ಕ್ರಿಯಾಟಿನಿನ್ 442 ಎಂದು ನೋಡಿ ಗಾಬರಿಯಾಗಬೇಡಿ: 88.4ರಿಂದ ಭಾಗಿಸಿ, ನಮ್ಮ ಲೆಕ್ಕದಲ್ಲಿ 5. ಹೊರದೇಶದಲ್ಲಿರುವ ಮಕ್ಕಳು ಫೋನಿನಲ್ಲಿ ಅಪ್ಪ ಅಮ್ಮನ ವರದಿ ಹೋಲಿಸುವಾಗ ಇದನ್ನು ಮೊದಲು ನೋಡಲಿ.

ಪೊಟ್ಯಾಸಿಯಂ ಬಗ್ಗೆಯೂ ಎಚ್ಚರ. ತೋಳಿಗೆ ಪಟ್ಟಿ ಬಿಗಿದು ಬಹಳ ಹೊತ್ತು ಮುಷ್ಟಿ ಹಿಸುಕಿಸಿದರೆ, ಸಿರಿಂಜಿನಿಂದ ಒತ್ತಿ ಸುರಿದು ಕೆಂಪುಕಣ ಒಡೆದರೆ ಅಂಕಿ ಸುಳ್ಳಾಗಿ ಏರುತ್ತದೆ. ಸೀರಮ್ ಕೆಂಪಗಿದ್ದರೆ ಮತ್ತೆ ಮಾದರಿ ತೆಗೆಯಬೇಕು. ಆದರೆ ಕಿಡ್ನಿ ಸೋತವರಲ್ಲಿ 'ಸುಳ್ಳು ಇರಬಹುದು' ಎಂದು ಸುಮ್ಮನೆ ಕೂರಬಾರದು. ಇಸಿಜಿ ಆಗುತ್ತಿರಲಿ, ಇನ್ನೊಂದು ಮಾದರಿ ಓಡುತ್ತಿರಲಿ.

ಧಾರವಾಡದ_ಸಿಸ್ಟರ್

ಕ್ರಿಯಾಟಿನಿನ್ ಬಿಟ್ಟು ಮಂದೀನ ನೋಡೂದು ಹೆಂಗ ಅಂತ ನಾ ಹೇಳತೇನಿ ನೋಡ್ರಿ. ಬಾಯಿ ಹತ್ರ ಹೋದ್ರ ಉಚ್ಚಿ ವಾಸನಿ ಬರತೈತಿ. ಜೊಲ್ಲಿನೊಳಗಿನ ಯೂರಿಯಾನ ಬಾಯಿಯ ಬ್ಯಾಕ್ಟೀರಿಯಾ ಅಮೋನಿಯಾ ಮಾಡತಾವು, ಅದಕ್ಕ. ಬಾಯಿ ಲೋಹ ನೆಕ್ಕಿಧಂಗ, ಮಾಂಸ-ಬ್ಯಾಳಿ ಕಂಡ್ರ ಹೇಸಿಗಿ, ಮುಂಜಾನೆ ಎದ್ದ ಕೂಡಲೆ ವಾಕರಿಕಿ. ರಾತ್ರಿ ನಿದ್ದಿ ಇಲ್ಲ, ಹಗಲಿ ತೂಕಡಿಕಿ. ಕಾಲಾಗ ಹುಳ ಹರದಂಗ ಆಗತೈತಿ, ಕಾಲ ಆಡಿಸಿದ್ರ ಅಷ್ಟ ಸಮಾಧಾನ.

ಮಿದುಳಿಗೆ ಏರೇತೇನು ಅನ್ನೂದಕ್ಕ ಒಂದು ಪರೀಕ್ಷಾ: ಎರಡೂ ಕೈ ಮುಂದ ಚಾಚಿಸ್ರಿ, ಬಸ್ ನಿಲ್ಲಿಸಾಕ ಕೈ ತೋರಿಸಿಧಂಗ ಮುಂಗೈ ಹಿಂದಕ್ಕ ಬಗ್ಗಿಸಿ ಬೆರಳು ಅಗಲ ಮಾಡ್ರಿ, ಅರ್ಧ ನಿಮಿಷ ಹಿಡೀರಿ. ಹಕ್ಕಿ ರೆಕ್ಕಿ ಬಡಧಂಗ ಕೈ ಆಗಾಗ ಜೋಲಿ ಬೀಳಾಕತ್ರ ಅದು ನಡುಕ ಅಲ್ಲ, ಆ ಕ್ಷಣಕ್ಕ ಸ್ನಾಯು ಬಿಟ್ಟುಬಿಡತೈತಿ. ಹಂಗಿದ್ರ ಅವತ್ತ ಡಾಕ್ಟರ್ ಕಡೆ ಕಳಸ್ರಿ. ನಾಳೆ ಅನಬ್ಯಾಡ್ರಿ, ಅದರ ಮುಂದ ಫಿಟ್ಸ್, ಕೋಮಾ ಐತಿ.

ಎದಿ ನೋವಿನೊಳಗೂ ಒಂದು ಗುರುತು: ಅಂಗಾತ ಮಲಗಿದ್ರ ಜಾಸ್ತಿ, ಮುಂದಕ್ಕ ಬಾಗಿ ಕುಂತ್ರ ಕಡಿಮಿ.

ತುಂಗಾತೀರ

ಸಿಸ್ಟರ್ ಕೊನೆಗೆ ಹೇಳಿದ್ದು ಪೆರಿಕಾರ್ಡೈಟಿಸ್, ಹೃದಯದ ಹೊರಚೀಲದ ಉರಿಯೂತ. ಡಯಾಲಿಸಿಸ್ ತಡ ಮಾಡಬಾರದ ಸ್ಥಿತಿ. ಆದರೆ ಅಲ್ಲೊಂದು ಮುಳ್ಳಿದೆ: ಉರಿಯೂತದ ಚೀಲದೊಳಗೆ ರಕ್ತ ಸುರಿದರೆ ಹೃದಯವನ್ನೇ ಅಮುಕುತ್ತದೆ. ಹಾಗಾಗಿ ಆ ದಿನಗಳಲ್ಲಿ ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಇಲ್ಲದೆ ಡಯಾಲಿಸಿಸ್ ಮಾಡುತ್ತೇವೆ.

ರಕ್ತಸ್ರಾವದ ವಿಷಯದಲ್ಲಿ ವರದಿ ದಾರಿ ತಪ್ಪಿಸುತ್ತದೆ. ಪ್ಲೇಟ್‌ಲೆಟ್ ಎಣಿಕೆ 2 ಲಕ್ಷ ಇರುತ್ತದೆ, ರಕ್ತ ಹೆಪ್ಪುಗಟ್ಟುವ ಸಮಯ ನೋಡುವ ಪಿಟಿ ಪರೀಕ್ಷೆಯೂ ಸರಿ ಇರುತ್ತದೆ, ಆದರೂ ಹಲ್ಲು ಕಿತ್ತ ಜಾಗ ನಿಲ್ಲುವುದಿಲ್ಲ. ಪ್ಲೇಟ್‌ಲೆಟ್‌ಗಳು ಇವೆ, ಅಂಟುವ ಗುಣ ಹೋಗಿದೆ. ರಕ್ತಹೀನತೆಯೂ ಇದಕ್ಕೆ ಸೇರಿಕೊಳ್ಳುತ್ತದೆ. ಕೆಂಪುಕಣ ಸಾಕಷ್ಟಿದ್ದರೆ ಅವು ರಕ್ತನಾಳದ ನಡುವೆ ಹರಿದು ಪ್ಲೇಟ್‌ಲೆಟ್‌ಗಳನ್ನು ಗೋಡೆಯ ಕಡೆಗೆ ತಳ್ಳುತ್ತವೆ. ಕಮ್ಮಿಯಾದರೆ ಆ ತಳ್ಳುವಿಕೆಯೂ ಇಲ್ಲ. ಬಯಾಪ್ಸಿಯಂಥ ಕೆಲಸಕ್ಕೆ ಮುಂಚೆ ಡಯಾಲಿಸಿಸ್ ಮಾಡಿ, ಬೇಕಾದರೆ ಡೆಸ್ಮೊಪ್ರೆಸಿನ್ ಕೆಜಿಗೆ 0.3 ಮೈಕ್ರೋಗ್ರಾಂ ಕೊಡುತ್ತೇವೆ. ಅದರ ಪರಿಣಾಮ ಕೆಲವೇ ಗಂಟೆ.

ಉಪಕೇಂದ್ರ_ಸಿಬ್ಬಂದಿ

ಹಿಮೋಗ್ಲೋಬಿನ್ 7 ಇದ್ದರೆ ಮನೆಯವರು 'ಎರಡು ಬಾಟಲಿ ರಕ್ತ ಹಾಕಿಸಿಬಿಡಿ' ಎನ್ನುತ್ತಾರೆ. ಅದು ಸರಿಯೇ ಮೇಡಂ?

ತುಂಗಾತೀರ

ಜೀವಕ್ಕೆ ಅಪಾಯವಿದ್ದರೆ, ಉಸಿರು-ಎದೆ ತೊಂದರೆ ಇದ್ದರೆ ಹಾಕಲೇಬೇಕು. ಇಲ್ಲದಿದ್ದರೆ ತಡೆಯಿರಿ, ಅದರಲ್ಲೂ ಕಸಿಗೆ ಹೋಗುವ ವಯಸ್ಸಿನವರಾದರೆ. ಬೇರೆಯವರ ರಕ್ತ ಏರಿದಂತೆಲ್ಲ ದೇಹ ಪ್ರತಿಕಾಯ ಬೆಳೆಸಿಕೊಳ್ಳುತ್ತದೆ. ಮುಂದೆ ಹೊಂದುವ ಕಿಡ್ನಿ ಸಿಗುವುದೇ ಕಷ್ಟವಾಗುತ್ತದೆ. ರಾಜ್ಯದ ಅಂಗದಾನ ವ್ಯವಸ್ಥೆಯಾದ ಜೀವಸಾರ್ಥಕತೆಯ ಪಟ್ಟಿಯಲ್ಲಿ ಹೆಸರಿದ್ದು ಸರದಿ ಬಂದರೂ ಹೊಂದಾಣಿಕೆಯ ಪರೀಕ್ಷೆಯಾದ ಕ್ರಾಸ್‌ಮ್ಯಾಚ್ ಪಾಸಿಟಿವ್ ಬಂದರೆ ಆ ಕಿಡ್ನಿ ಕೈತಪ್ಪುತ್ತದೆ.

ಇಲ್ಲಿ ಕೊರತೆ ಎರಿತ್ರೊಪೊಯೆಟಿನ್‌ದು, ಆದ್ದರಿಂದ ಅದನ್ನೇ ಚುಚ್ಚುಮದ್ದಾಗಿ ಕೊಡುವುದು. ಆದರೆ ಮೊದಲು ಕಬ್ಬಿಣ ನೋಡಬೇಕು: ಫೆರಿಟಿನ್ ಮತ್ತು ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್. ಕಬ್ಬಿಣವಿಲ್ಲದೆ ಇಂಜೆಕ್ಷನ್ ಕೊಡುವುದು ಅಕ್ಕಿ ಇಲ್ಲದೆ ಒಲೆ ಉರಿಸಿದ ಹಾಗೆ. ಸಾಮಾನ್ಯವಾಗಿ ಹಿಮೋಗ್ಲೋಬಿನ್ 10ರಿಂದ 11.5ರ ಆಸುಪಾಸು ಇಟ್ಟುಕೊಂಡರೆ ಸಾಕು. 13ರ ಮೇಲೆ ತಳ್ಳಿದರೆ ಪಾರ್ಶ್ವವಾಯುವಿನ ಅಪಾಯ.

ಊಟದ_ಲೆಕ್ಕ (ಪಥ್ಯಾಹಾರ ತಜ್ಞೆ)

ಅಡುಗೆಮನೆ ವಿಷಯ ನನಗೆ ಬಿಡಿ. ನಮ್ಮ ಕಡೆ ದೊಡ್ಡ ತಪ್ಪು ಎಳನೀರು. 'ಕಿಡ್ನಿಗೆ ತಂಪು' ಎಂದು ಪ್ರೀತಿಯಿಂದಲೇ ತಂದುಕೊಡುತ್ತಾರೆ. 100 ಮಿ.ಲೀ.ನಲ್ಲಿ ಸುಮಾರು 200ರಿಂದ 250 ಮಿ.ಗ್ರಾಂ ಪೊಟ್ಯಾಸಿಯಂ, 300 ಮಿ.ಲೀ. ಬುರುಡೆ ಒಂದನ್ನು ಕುಡಿದರೆ 600ರಿಂದ 750. ಪೊಟ್ಯಾಸಿಯಂ ಏರಿದವರಿಗೆ ಇಡೀ ದಿನಕ್ಕೆ ಕೊಡುವ ಮಿತಿಯೇ ಸುಮಾರು 2,000. ಬಾಳೆದಿಂಡಿನ ರಸವೂ ಹಾಗೇ. ಕಲ್ಲಿನ ತೊಂದರೆಗೆ ಹೇಳುವ ಮನೆಮದ್ದನ್ನು ಕಿಡ್ನಿ ಸೋತವರಿಗೆ ಕೊಡಬೇಡಿ, ಎರಡೂ ಬೇರೆ ಕಾಯಿಲೆ.

ಇನ್ನೊಂದು ಬಸ್ಸಾರು. ಸೊಪ್ಪು-ಕಾಳು ಬೇಯಿಸಿ ಬಸಿದಾಗ ಪೊಟ್ಯಾಸಿಯಂ ಹೋಗುವುದು ಆ ಕಟ್ಟಿನೊಳಕ್ಕೆ. ಆ ಕಟ್ಟಿನಲ್ಲೇ ಸಾರು ಮಾಡಿ ಬಡಿಸಿದರೆ ತೆಗೆದದ್ದನ್ನು ಮತ್ತೆ ತಟ್ಟೆಗೆ ಹಾಕಿದಂತೆ. ಇವರಿಗೆ ಪಲ್ಯ ಕೊಡಿ, ಸಾರು ಬೇಡ. ಆಲೂಗಡ್ಡೆ, ಸುವರ್ಣಗಡ್ಡೆಯಂಥವನ್ನು ಸಿಪ್ಪೆ ತೆಗೆದು ಸಣ್ಣಗೆ ಹೆಚ್ಚಿ, ಬೆಚ್ಚಗಿನ ನೀರಿನಲ್ಲಿ ಒಂದೆರಡು ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸದಾಗಿ ಧಾರಾಳ ನೀರಿಟ್ಟು ಬೇಯಿಸಿ, ಅದನ್ನೂ ಬಸಿದು ಚೆಲ್ಲಬೇಕು. ಕುಕ್ಕರಿನಲ್ಲಿ ಕಡಿಮೆ ನೀರಿಗೆ ಕೂಗಿಸಿದರೆ ಎಲ್ಲವೂ ಒಳಗೇ ಉಳಿಯುತ್ತದೆ. ದೊಡ್ಡ ಹೋಳು ಹಾಗೇ ನೆನೆಸಿಟ್ಟರೂ ಪ್ರಯೋಜನ ಬಹಳ ಕಮ್ಮಿ.

'ಲೋ ಸೋಡಿಯಂ' ಎಂದು ಬರೆದ ಉಪ್ಪಿನಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ. ಬಿಪಿಗೆ ಒಳ್ಳೆಯದೆಂದು ಮನೆಗೆ ತಂದಿರುತ್ತಾರೆ. ಕಿಡ್ನಿ ಸೋತವರ ಮನೆಯಲ್ಲಿ ಆ ಪೊಟ್ಟಣವೇ ಇರಬಾರದು.

ಧಾರೆಹುಳಿ, ಕೆಲವು ಕಡೆ ಕಮರಾಕ್ಷಿ ಅನ್ನುತ್ತಾರಲ್ಲ, ಅಡ್ಡ ಕೊಯ್ದರೆ ನಕ್ಷತ್ರದಂತೆ ಕಾಣುವ ಹಣ್ಣು, ಅದನ್ನು ಒಂದೂ ತಿನ್ನಬಾರದು. ಅದರಲ್ಲಿರುವ ಕ್ಯಾರಂಬಾಕ್ಸಿನ್ ಎಂಬ ವಸ್ತುವನ್ನು ಆರೋಗ್ಯವಂತ ಕಿಡ್ನಿ ಹೊರಹಾಕುತ್ತದೆ. ಸೋತ ಕಿಡ್ನಿ ಇದ್ದವರಲ್ಲಿ ಮಿದುಳಿಗೆ ಹೋಗಿ ನಿಲ್ಲದ ಬಿಕ್ಕಳಿಕೆ, ಗೊಂದಲ, ಫಿಟ್ಸ್ ತರುತ್ತದೆ. ಸಾವುಗಳೂ ಆಗಿವೆ. ಮಲೆನಾಡು, ಕರಾವಳಿಯವರು ಉಪ್ಪಿನಕಾಯಿ, ಗೊಜ್ಜಿಗೂ ಹಾಕುತ್ತಾರೆ, ಅದನ್ನೂ ಕೇಳಿ ತಿಳಿದುಕೊಳ್ಳಿ.

ಮಂಡ್ಯದ_ಆಶಾ

ರಾಗಿ ಪೂರ್ತಿ ಬಿಡಿಸಬೇಕು ಅಂತ ಒಂದು ಚೀಟಿ ಎಲ್ಲ ಕಡೆ ಓಡಾಡ್ತಿದೆಯಲ್ಲ ಮೇಡಂ. ಮುದ್ದೆ ಬಿಟ್ಟು ಇವರಿಗೆ ಊಟವೇ ಇಳಿಯಲ್ಲ.

ಊಟದ_ಲೆಕ್ಕ

ಆ ಚೀಟಿಯನ್ನು ನಾನು ಒಪ್ಪುವುದಿಲ್ಲ. ರಾಗಿಯಲ್ಲಿ ಅಕ್ಕಿಗಿಂತ ಪೊಟ್ಯಾಸಿಯಂ, ರಂಜಕ ಎರಡೂ ಜಾಸ್ತಿ, ಅದು ನಿಜ: 100 ಗ್ರಾಂ ಹಿಟ್ಟಿನಲ್ಲಿ ಪೊಟ್ಯಾಸಿಯಂ 400 ಮಿ.ಗ್ರಾಂ ದಾಟುತ್ತದೆ. ಆದರೆ ಮಿತಿ ಹಾಕುವುದು ಅವರ ವರದಿ ನೋಡಿ. ಪೊಟ್ಯಾಸಿಯಂ 4.5 ಇರುವವರಿಗೆ ದಿನಕ್ಕೊಂದು ಚಿಕ್ಕ ಮುದ್ದೆ ನಿಲ್ಲಿಸಿ ಏನು ಸಾಧಿಸಿದಂತಾಯಿತು? ಊಟ ಬಿಟ್ಟು ಸ್ನಾಯು ಕರಗುತ್ತದೆ. ಸ್ನಾಯು ಕರಗಿದರೆ ಅದರೊಳಗಿನ ಪೊಟ್ಯಾಸಿಯಂ, ಯೂರಿಯಾ ರಕ್ತಕ್ಕೇ ಬರುತ್ತದೆ. 5.5 ದಾಟಿದವರಿಗೆ ಅನ್ನ, ಅಕ್ಕಿರೊಟ್ಟಿ ಕಡೆಗೆ ತಿರುಗಿಸಿ. ಮುದ್ದೆಗಿಂತ ಅದರ ಜೊತೆಯ ಬಸ್ಸಾರೇ ದೊಡ್ಡ ಅಪರಾಧಿ.

ಪ್ರೋಟೀನಿನ ಲೆಕ್ಕ ಮಧ್ಯದಲ್ಲಿ ಬದಲಾಗುತ್ತದೆ, ಇದನ್ನು ಹೇಳುವವರೇ ಇಲ್ಲ. ಡಯಾಲಿಸಿಸ್‌ಗೆ ಮುಂಚೆ ದಿನಕ್ಕೆ ಕೆಜಿಗೆ 0.6ರಿಂದ 0.8 ಗ್ರಾಂ. ಡಯಾಲಿಸಿಸ್ ಶುರುವಾದ ದಿನದಿಂದ 1ರಿಂದ 1.2 ಗ್ರಾಂ, ಯಾಕೆಂದರೆ ಪ್ರತಿ ಸಲವೂ ಅಮೈನೊ ಆಮ್ಲಗಳು ಯಂತ್ರದಲ್ಲಿ ಹರಿದು ಹೋಗುತ್ತವೆ. 55 ಕೆಜಿಯವರಿಗೆ ದಿನಕ್ಕೆ 55ರಿಂದ 66 ಗ್ರಾಂ. ಹಳೇ ಚೀಟಿ ಹಿಡಿದು ವರ್ಷಗಟ್ಟಲೆ ಬೇಳೆ-ಮೊಟ್ಟೆ ಬಿಟ್ಟವರು ಸೊರಗಿ ಹೋಗುತ್ತಾರೆ. ಒಂದು ಮೊಟ್ಟೆಯ ಬಿಳಿಭಾಗದಲ್ಲಿ ಸುಮಾರು 3.5 ಗ್ರಾಂ, ರಂಜಕ ತೀರಾ ಕಮ್ಮಿ. ತಿನ್ನುವವರಿಗೆ ಅದಕ್ಕಿಂತ ಒಳ್ಳೆಯದಿಲ್ಲ.

ಡಯಾಲಿಸಿಸ್_ಕೋಣೆ (ತಂತ್ರಜ್ಞ)

ನೀರಿನ ಲೆಕ್ಕ ನಾನು ಹೇಳುತ್ತೇನೆ. ಎಲ್ಲರೂ 'ನೀರು ಕಮ್ಮಿ ಕುಡೀರಿ' ಎನ್ನುತ್ತಾರೆ, ಬಾಯಾರಿಕೆ ಹುಟ್ಟಿಸುವ ಉಪ್ಪಿನ ಮಾತು ಆಡುವುದಿಲ್ಲ. ಆಸ್ಪತ್ರೆಯ ನಾರ್ಮಲ್ ಸಲೈನ್ ಒಂದು ಲೀಟರ್‌ನಲ್ಲಿ 9 ಗ್ರಾಂ ಉಪ್ಪು. ದೇಹವೂ ಅದೇ ಹದದಲ್ಲಿ ನೀರು ಹಿಡಿದಿಡುತ್ತದೆ: ಮೂತ್ರ ನಿಂತವರು 9 ಗ್ರಾಂ ಉಪ್ಪು ತಿಂದರೆ ಒಂದು ಲೀಟರ್ ಕುಡಿದೇ ಕುಡಿಯುತ್ತಾರೆ. ದಿನಕ್ಕೆ 5 ಗ್ರಾಂ ಒಳಗೆ ಇರಲಿ, ಅಂದರೆ ಒಂದು ಚಹಾ ಚಮಚಕ್ಕಿಂತ ಕಮ್ಮಿ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಒಣಮೀನು ಎಲ್ಲ ಅದರೊಳಗೇ ಬರಬೇಕು.

ಯಂತ್ರದಲ್ಲಿ ನೀರು ತೆಗೆಯಲೂ ಮಿತಿಯಿದೆ. ಗಂಟೆಗೆ ಕೆಜಿಗೆ 13 ಮಿ.ಲೀ. ಮೀರಿದರೆ ಬಿಪಿ ಬೀಳುತ್ತದೆ, ಕಾಲು ಸೆಳೆಯುತ್ತದೆ, ಹೃದಯಕ್ಕೆ ಪೆಟ್ಟು. 60 ಕೆಜಿಯವರಿಗೆ 4 ಗಂಟೆಯಲ್ಲಿ ಸುಮಾರು 3.1 ಲೀಟರ್. 5 ಕೆಜಿ ಏರಿಸಿಕೊಂಡು ಬಂದು 'ಎಲ್ಲ ತೆಗೆದುಬಿಡಿ' ಎಂದರೆ ಆಗುವುದಿಲ್ಲ. ಸಮಯ ಹೆಚ್ಚಿಸಬೇಕು, ಇಲ್ಲವೇ ಮಾರನೇ ದಿನ ಇನ್ನೊಮ್ಮೆ ಬರಬೇಕು. ಮಲಗಿದರೆ ಉಸಿರು ಕಟ್ಟಿ ಎದ್ದು ಕೂರುವುದು ಶ್ವಾಸಕೋಶಕ್ಕೆ ನೀರು ಇಳಿದ ಲಕ್ಷಣ, ಆಗ ಸರದಿ ಕಾಯಬೇಡಿ.

ಮೊದಲ ಡಯಾಲಿಸಿಸ್ ಬಗ್ಗೆ: 2 ಗಂಟೆ ಮಾತ್ರ, ರಕ್ತದ ಪಂಪು ನಿಮಿಷಕ್ಕೆ 150ರಿಂದ 200 ಮಿ.ಲೀ. ಮನೆಯವರಿಗೆ ಇದು ಅರೆಬರೆ ಕೆಲಸ ಅನಿಸಬಹುದು, ಅಲ್ಲ. ರಕ್ತದ ಯೂರಿಯಾ ಒಮ್ಮೆಲೇ ಇಳಿದರೆ ಮಿದುಳಿನೊಳಗಿನದು ಅಷ್ಟು ಬೇಗ ಇಳಿಯುವುದಿಲ್ಲ. ನೀರು ಮಿದುಳಿನೊಳಕ್ಕೆ ನುಗ್ಗಿ ಊದಿಕೊಳ್ಳುತ್ತದೆ. ತಲೆನೋವು, ವಾಂತಿ, ಫಿಟ್ಸ್. ಆದ್ದರಿಂದ ಮೊದಲ ದಿನ ಯೂರಿಯಾ ಇಳಿಕೆ 40 ಶೇಕಡಾ ಒಳಗೆ ಇರಬೇಕು. ಆಮೇಲೆ 4 ಗಂಟೆಗೆ ಏರಿಸಿ, 65 ಶೇಕಡಾ ದಾಟಬೇಕು.

ನಿಮಿಷಕ್ಕೆ 500 ಮಿ.ಲೀ. ದ್ರಾವಣವೆಂದರೆ 4 ಗಂಟೆಗೆ 120 ಲೀಟರ್ ನೀರು ರೋಗಿಯ ರಕ್ತದ ಪಕ್ಕದಲ್ಲಿ ಹರಿಯುತ್ತದೆ, ನಡುವೆ ತೆಳು ಪೊರೆ ಮಾತ್ರ. ನೀರು ಸೋಸುವ ಕಾರ್ಬನ್ ಟ್ಯಾಂಕ್ ಸೋತು, ಕುಡಿಯುವ ನೀರಿನ ಕ್ರಿಮಿ ಕೊಲ್ಲುವ ಕ್ಲೋರಮೈನ್ ಒಳಬಂದರೆ ಕೆಂಪುಕಣ ಒಡೆಯುತ್ತವೆ. ಒಟ್ಟು ಕ್ಲೋರಿನ್ ಲೀಟರಿಗೆ 0.1 ಮಿ.ಗ್ರಾಂ ಮೀರಬಾರದು, ಪ್ರತಿ ಪಾಳಿಗೂ ಮುಂಚೆ ನೋಡಬೇಕು. ಬ್ರೆಜಿಲ್‌ನ ಕರುಆರುದಲ್ಲಿ 1996ರಲ್ಲಿ ಕೆರೆಯ ಪಾಚಿಯ ವಿಷ ಡಯಾಲಿಸಿಸ್ ನೀರಿಗೆ ಸೇರಿ 50ಕ್ಕೂ ಹೆಚ್ಚು ಜನ ಯಕೃತ್ತು ಕೆಟ್ಟು ಸತ್ತರು. ಹಲವು ಭಾಗದಲ್ಲಿ ಬೇಸಿಗೆಗೆ ಟ್ಯಾಂಕರ್ ನೀರೇ ಗತಿ, ನೀರಿನ ಮೂಲ ಬದಲಾದ ದಿನ ಪರೀಕ್ಷೆ ತಪ್ಪಿಸುವಂತಿಲ್ಲ.

ಔಷಧಿ_ಚೀಟಿ (ಫಾರ್ಮಸಿಸ್ಟ್)

'ಸಕ್ಕರೆ ಕಾಯಿಲೆ ವಾಸಿಯಾಯ್ತು, ಇನ್ಸುಲಿನ್ನೇ ಬೇಡವಾಗಿದೆ' ಎಂದು ಯಾರಾದರೂ ಖುಷಿಯಿಂದ ಹೇಳಿದರೆ ಕಿಡ್ನಿ ಪರೀಕ್ಷೆ ಮಾಡಿಸಿ. ಒಡೆಯುವ ಕಿಡ್ನಿ ಸೋತಿರುವುದರಿಂದ ಇನ್ಸುಲಿನ್ ಮೈಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತಿದೆ. ಹಳೇ ಡೋಸ್ ಮುಂದುವರಿಸಿದರೆ ಬೆಳಗಿನ ಜಾವ ಶುಗರ್ ಬಿದ್ದು ಎಚ್ಚರ ತಪ್ಪುತ್ತಾರೆ. ಸಕ್ಕರೆಯ ಮಾತ್ರೆಗಳಲ್ಲಿ ಗ್ಲಿಬೆನ್‌ಕ್ಲಮೈಡ್ ಇಂಥವರಿಗೆ ಬೇಡ. ಮೆಟ್‌ಫಾರ್ಮಿನ್ ಜಿಎಫ್‌ಆರ್ 30ರ ಕೆಳಗೆ ನಿಲ್ಲಬೇಕು.

ಮಂಪರು, ಮೈ ಬೆಚ್ಚಿಬೀಳುವುದು ಕಂಡಾಗ ಯುರೇಮಿಯಾ ಎನ್ನುವ ಮುಂಚೆ ಚೀಟಿ ನೋಡಿ. ಪ್ರಿಗ್ಯಾಬಲಿನ್, ಗ್ಯಾಬಪೆಂಟಿನ್, ಬ್ಯಾಕ್ಲೊಫೆನ್ ಮೂತ್ರದಲ್ಲೇ ಹೊರಹೋಗಬೇಕಾದವು. ತುರಿಕೆಗೆ ಗ್ಯಾಬಪೆಂಟಿನ್ ಒಳ್ಳೆಯ ಔಷಧಿ, ಆದರೆ ಡಯಾಲಿಸಿಸ್ ನಂತರ 100 ಮಿ.ಗ್ರಾಂನಿಂದ ಶುರು, ಬೇರೆಯವರಂತೆ ದಿನಕ್ಕೆ 300ರ ಮೂರು ಅಲ್ಲ.

ರಂಜಕದ ಮಾತ್ರೆ, ಕ್ಯಾಲ್ಸಿಯಂ ಅಸಿಟೇಟ್ ಆಗಲಿ ಸೆವೆಲಮರ್ ಆಗಲಿ, ಊಟದ ಜೊತೆಗೇ ನುಂಗಬೇಕು. ಅದು ಹೊಟ್ಟೆಯಲ್ಲಿ ಅನ್ನದೊಳಗಿನ ರಂಜಕವನ್ನು ಹಿಡಿಯುವ ಬಲೆ. ಊಟವಾಗಿ ಎರಡು ಗಂಟೆಗೆ ನುಂಗಿದರೆ ಬಲೆ ಖಾಲಿ. ರಂಜಕ ಏರಿದ್ದರಿಂದ ಕುತ್ತಿಗೆಯಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿ ಕೆರಳಿ ಮೂಳೆಯ ಸುಣ್ಣ ಕರಗಿಸುತ್ತದೆ, ಆ ಸುಣ್ಣ ಹೋಗಿ ರಕ್ತನಾಳದ ಗೋಡೆಯಲ್ಲಿ ಕೂರುತ್ತದೆ.

ಈಶ್ವರಿ ಬಳ್ಳಿಯ ಬೇರನ್ನು ಹಳ್ಳಿಗಳಲ್ಲಿ ಇನ್ನೂ ಕೊಡುತ್ತಾರೆ. ಅದರಲ್ಲಿರುವ ಅರಿಸ್ಟೊಲೊಕಿಕ್ ಆಮ್ಲ ಕಿಡ್ನಿಯನ್ನು ಹಾಳುಮಾಡುತ್ತದೆ, ಮೂತ್ರನಾಳದ ಕ್ಯಾನ್ಸರ್ ತರುತ್ತದೆ. ಪಾದರಸ, ಸೀಸ ಸೇರಿದ ಭಸ್ಮಗಳೂ ಬೇಡ.

ಉಪಕೇಂದ್ರ_ಸಿಬ್ಬಂದಿ

ತಕ್ಷಣ ಜೀವ ತೆಗೆಯುವುದು ಇವುಗಳಲ್ಲಿ ಯಾವುದು?

ತುಂಗಾತೀರ

ಪೊಟ್ಯಾಸಿಯಂ ಮತ್ತು ಶ್ವಾಸಕೋಶದ ನೀರು. ಪೊಟ್ಯಾಸಿಯಂ ಹೇಳದೆ ಬರುತ್ತದೆ. ಕೆಲವರಿಗೆ ಕಾಲು ಸೋತಂತಾಗುತ್ತದೆ, ಬಹಳ ಜನಕ್ಕೆ ಏನೂ ಗೊತ್ತಾಗುವುದಿಲ್ಲ. ಇಸಿಜಿಯಲ್ಲಿ ಟಿ ಅಲೆ ಡೇರೆಯಂತೆ ಚೂಪಾಗುತ್ತದೆ, ಪಿ ಅಲೆ ಮಾಯವಾಗುತ್ತದೆ, ಕ್ಯೂಆರ್‌ಎಸ್ ಅಗಲವಾಗುತ್ತದೆ, ಆಮೇಲೆ ಹೃದಯ ನಿಲ್ಲುತ್ತದೆ. ಆದರೆ 7 ಇದ್ದೂ ಇಸಿಜಿ ಸರಿಯಾಗಿರಬಹುದು, ಅದನ್ನು ನಂಬಿ ಮನೆಗೆ ಕಳಿಸಬಾರದು.

ಇಸಿಜಿ ಬದಲಾಗಿದ್ದರೆ ತಾಲೂಕು ಆಸ್ಪತ್ರೆಯಲ್ಲೇ ವೈದ್ಯರು ಶುರುಮಾಡಬಹುದು. 10 ಶೇಕಡಾ ಕ್ಯಾಲ್ಸಿಯಂ ಗ್ಲೂಕೊನೇಟ್ 10 ಮಿ.ಲೀ. ನಿಧಾನವಾಗಿ ರಕ್ತನಾಳಕ್ಕೆ, ಮಾನಿಟರ್ ನೋಡುತ್ತ. ಇದು ಪೊಟ್ಯಾಸಿಯಂ ಇಳಿಸುವುದಿಲ್ಲ, ಅರ್ಧ-ಮುಕ್ಕಾಲು ಗಂಟೆ ಹೃದಯ ಕಾಯುತ್ತದೆ, ಅಷ್ಟೇ. ಜೊತೆಗೆ ರೆಗ್ಯುಲರ್ ಇನ್ಸುಲಿನ್ 10 ಯೂನಿಟ್, 25 ಗ್ರಾಂ ಗ್ಲೂಕೋಸ್, ಅಂದರೆ 25 ಶೇಕಡಾ ಡೆಕ್ಸ್‌ಟ್ರೋಸ್ 100 ಮಿ.ಲೀ. ಸಾಲ್‌ಬುಟಮಾಲ್ 10ರಿಂದ 20 ಮಿ.ಗ್ರಾಂ ನೆಬ್ಯುಲೈಸರ್‌ನಲ್ಲಿ, ಹೃದ್ರೋಗವಿದ್ದವರಿಗೆ ಇದನ್ನು ಜಾಗ್ರತೆಯಿಂದ ಕೊಡಬೇಕು. ಇವೆಲ್ಲ ಪೊಟ್ಯಾಸಿಯಂ ಅನ್ನು ಜೀವಕೋಶದೊಳಗೆ ಬಚ್ಚಿಡುತ್ತವೆ, ಕೆಲವು ಗಂಟೆಗೆ ಅದು ಮತ್ತೆ ಹೊರಬರುತ್ತದೆ. ಅಷ್ಟರಲ್ಲಿ ಡಯಾಲಿಸಿಸ್ ಇರುವಲ್ಲಿಗೆ ತಲುಪಬೇಕು. ಮುಂದಿನ 6 ಗಂಟೆ ಗಂಟೆಗೊಮ್ಮೆ ಶುಗರ್ ನೋಡಿ. ಇನ್ಸುಲಿನ್ ಇವರಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಮೇಲೆ ಹೇಳಿದ್ದಾರಲ್ಲ.

ಧಾರವಾಡದ_ಸಿಸ್ಟರ್

ಆ್ಯಂಬುಲೆನ್ಸಿಗೆ ಹತ್ತಸೂಮುಂದ ಸೂಜಿ ಎಲ್ಲಿ ಹಾಕೂದು ಅನ್ನೂದೂ ನೆನಪಿರಲಿ. ಫಿಸ್ಟುಲಾ, ಅಂದ್ರ ಡಯಾಲಿಸಿಸ್ ಸೂಜಿ ಹಾಕಾಕ ಎರಡು ರಕ್ತನಾಳ ಜೋಡಿಸಿದ್ದು, ಅದು ಇರೋ ಕೈಗೆ ಬಿಪಿ ಪಟ್ಟಿ ಬ್ಯಾಡ, ಸೂಜಿ ಬ್ಯಾಡ. ಇನ್ನೂ ಫಿಸ್ಟುಲಾ ಆಗಿಲ್ಲಂದ್ರ ಇನ್ನೊಂದು ಕೈ ಬಿಟ್ಟು ಬರಿಯೋ ಕೈಯ ಬೆನ್ನಮ್ಯಾಗ ಅಷ್ಟ ಹಾಕ್ರಿ, ಮಣಿಕಟ್ಟು-ಮೊಣಕೈ ನರ ಮುಟ್ಟಬ್ಯಾಡ್ರಿ. ಆ ನರದಿಂದನ ಮುಂದ ಫಿಸ್ಟುಲಾ ಮಾಡೂದು, ಅದು ಬಲಿಯಾಕ ಆರರಿಂದ ಎಂಟು ವಾರ ಬೇಕು.

ಡಯಾಲಿಸಿಸ್_ಕೋಣೆ

ಇನ್ನೊಂದು. ವಾರಕ್ಕೆ ಮೂರು ಸಲ ಬರುವವರಿಗೂ ಒಂದು ಅಂತರ ಎರಡು ದಿನದ್ದು ಬರುತ್ತದೆ, ಆ ದೀರ್ಘ ಬಿಡುವಿನ ಕೊನೆಯಲ್ಲೇ ಸಾವು ಹೆಚ್ಚು. ವಾರಕ್ಕೆ ಎರಡೇ ಸಲ ಬರುವವರಿಗೆ ಅದು ಮೂರು ದಿನ. ಯುಗಾದಿ, ಗೌರಿ-ಗಣೇಶ, ದೀಪಾವಳಿ ಆ ಅಂತರದೊಳಗೆ ಬಂದರೆ ಹದಿನೈದು ದಿನ ಮುಂಚೆಯೇ ಕೇಂದ್ರದವರೊಂದಿಗೆ ಪಾಳಿ ಬದಲಿಸಿಕೊಳ್ಳಿ, ಒಂದೂ ಸರದಿ ಬಿಡಬೇಡಿ. ದಿನಾ ಬೆಳಿಗ್ಗೆ ಒಂದೇ ತಕ್ಕಡಿಯಲ್ಲಿ ತೂಕ ನೋಡಿ ಬರೆದಿಡಿ. ಹಬ್ಬದ ಊಟದಲ್ಲಿ ಒಬ್ಬಟ್ಟು ಇರಲಿ, ಒಬ್ಬಟ್ಟಿನ ಸಾರು ಬೇಡ. ಅದೂ ಬೇಳೆ ಬಸಿದ ಕಟ್ಟಿನಿಂದಲೇ ಮಾಡುವುದು. ವಲಸೆ ಹೋದವರು ಊರಿಗೆ ಬರುವ ಮುಂಚೆ ಹತ್ತಿರದ ಕೇಂದ್ರಕ್ಕೆ ಹೆಪಟೈಟಿಸ್ ಬಿ, ಸಿ ಮತ್ತು ಎಚ್‌ಐವಿ ಪರೀಕ್ಷೆಯ ಹೊಸ ವರದಿ, ಡ್ರೈ ವೆಯ್ಟ್ (ಹೆಚ್ಚುವರಿ ನೀರು ತೆಗೆದ ಮೇಲಿನ ತೂಕ), ಹೆಪಾರಿನ್ ಡೋಸ್ ಬರೆದ ಹಾಳೆ ಕಳಿಸಿಕೊಡಿ. ಅದಿಲ್ಲದೆ ಯಾವ ಯಂತ್ರಕ್ಕೆ ಹಾಕುವುದೆಂದು ಕೇಂದ್ರದವರು ತೀರ್ಮಾನಿಸಲಾಗದೆ ಒಂದು ದಿನವೇ ಕಳೆದುಹೋಗುತ್ತದೆ.